ತೊಳೆಯಬಾರದ ಕೈ

ಆ ಊರಿನಲ್ಲಿ ಕಾಯಿಲೆಗಳನ್ನು ಬೈದು ಓಡಿಸುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಕಷಾಯ ಕುದಿಸುತ್ತಿದ್ದರು, ಬೇರು ತೇಯುತ್ತಿದ್ದರು, ಹರಕೆ ಹೊರುತ್ತಿದ್ದರು. ಈ ಊರಿನವರಿಗೆ ಅದ್ಯಾವುದೂ ಬೇಕಾಗಿರಲಿಲ್ಲ. ಅವರಿಗೆ ಒಬ್ಬ ಬೈಗಾರನಿದ್ದ.

ಜ್ವರಗಳು ಆ ಊರಿನಲ್ಲಿ ಕಣ್ಣಿಗೆ ಕಾಣುತ್ತಿದ್ದವು. ಬೂದುಬಣ್ಣದ ಕಂಬಳಿಯನ್ನು ಕತ್ತಿನ ತನಕ ಹೊದ್ದುಕೊಂಡು, ಕಾಯಿಲೆ ಮಲಗಿದವರ ತಲೆದೆಸೆಯಲ್ಲಿ ಕೂತಿರುತ್ತಿದ್ದವು. ಎಲ್ಲಿಂದ ಬಂದವು, ಹೇಗೆ ಬಂದವು ಎಂದು ಯಾರೂ ಕೇಳುತ್ತಿರಲಿಲ್ಲ. ಕಳಿಸುವ ದಾರಿ ಗೊತ್ತಿರುವಾಗ ಬರುವ ದಾರಿಯ ಗೊಡವೆ ಯಾರಿಗೆ ಬೇಕು? ಮನೆಯವರು ಬೈಗಾರನಿಗೆ ಹೇಳಿಕಳಿಸುತ್ತಿದ್ದರು. ಅವನು ಬಂದು ಹೊಸ್ತಿಲಾಚೆ ನಿಂತು, ಪಂಚೆ ಎತ್ತಿ ಕಟ್ಟಿ, ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಿದ್ದ.

"ಏಳು ಮೇಲೆ, ಮಾನಗೆಟ್ಟದ್ದೇ! ಕರೆಯದೆ ಬಂದದ್ದೇ, ಕಾಲು ಚಾಚಿ ಕೂತದ್ದೇ! ಉಂಡ ಮನೆಗೆ ಎರಡು ಬಗೆಯೋದೇ, ಕಂಡ ಮನೆಗೆ ಕನ್ನ ಹಾಕೋದೇ!"

ಬೆಳಗ್ಗೆ ಶುರುವಾದ ಬೈಗುಳ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು. ಆ ಕಾಲದ ಜ್ವರಗಳಿಗೆ ಮಾನ ಮರ್ಯಾದೆ ಇತ್ತು. ಕೇಳುತ್ತ ಕೇಳುತ್ತ ಕುಗ್ಗಿ, ಸೌತೆಬೀಜದಷ್ಟಾಗಿ, ಕೊನೆಯ ಮಾತಿಗೆ ಕರಗಿಯೇ ಹೋಗುತ್ತಿದ್ದವು.

ಬೈಗಾರನ ಹಿಂದೆಯೇ ಕೈಯಮ್ಮ ಬರುತ್ತಿದ್ದಳು.

ಕೈಯಮ್ಮ ಆ ಊರಿನವಳಲ್ಲ. ದೂರದ ಒಂದು ಹೊಳೆಯ ದಡದ ಊರಿನಿಂದ ಮದುವೆಯಾಗಿ ಬಂದವಳು. ಎಷ್ಟು ದೂರ ಎಂದರೆ, ಗಾಡಿ ಈ ಊರು ಮುಟ್ಟುವಷ್ಟರಲ್ಲಿ ಮುಡಿದ ಹೂವು ಬಾಡಿ, ಉದುರಿ, ದಾರ ಮಾತ್ರ ಉಳಿದಿತ್ತು. ಅವಳ ತವರೂರಿನಲ್ಲಿ ಪ್ರತಿ ಬಾಗಿಲ ಪಕ್ಕದಲ್ಲೂ ಒಂದು ಹಂಡೆ ನೀರು, ಒಂದು ತಂಬಿಗೆ. ಹೊಲದಿಂದ ಬಂದವರು, ಸಂತೆಯಿಂದ ಬಂದವರು, ಸುಮ್ಮನೆ ಪಕ್ಕದ ಮನೆಗೆ ಹೋಗಿ ಬಂದವರು, ಎಲ್ಲರಿಗೂ ಒಳಗಿನಿಂದ ಅವ್ವಂದಿರ ದನಿ ಒಂದೇ: ಕೈಕಾಲು ತೊಳ್ಕೊಂಡು ಒಳಗೆ ಬಾ. ಗಂಡನ ಮನೆಯ ಮುಂದೆ ಗಾಡಿಯಿಂದಿಳಿದ ಹೊಸ ಹೆಂಡತಿ ಬಾಗಿಲ ಪಕ್ಕ ಹಂಡೆ ಹುಡುಕಿದಳು. ಇರಲಿಲ್ಲ.

"ಏನು ಹುಡುಕ್ತಿದೀಯ ತಾಯಿ?" ಎಂದರು ಆರತಿ ಹಿಡಿದು ನಿಂತ ಹೆಂಗಸರು.

"ನೀರು. ಕೈ ತೊಳೆಯೋಕೆ."

"ಅಯ್ಯೋ, ನಿಮ್ಮೂರಲ್ಲಿ ಕೈ ಅಷ್ಟೊಂದು ಕೊಳಕಾ!"

ಬೀದಿಯೆಲ್ಲ ನಕ್ಕಿತು. ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅಂದಿನಿಂದ ಅವಳು ತೊಳೆಯುವುದನ್ನು ಬಿಟ್ಟಳು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಇವಳು ಹೊಸದರಲ್ಲಿ ಎತ್ತೆತ್ತಿ ತೊಳೆಯದೆ ಉಳಿದಳು. ಊರಿನವರು ಊಟ ಆದ ಮೇಲಾದರೂ ಬೆರಳಿಗೆ ನಾಲ್ಕು ಹನಿ ನೀರು ಕಾಣಿಸುತ್ತಿದ್ದರು. ಇವಳು ಅದನ್ನೂ ಬಿಟ್ಟು, ಮದುವೆಯ ರೇಷ್ಮೆ ವಸ್ತ್ರದ ತುಂಡಿಗೆ ಒರೆಸಿಕೊಳ್ಳತೊಡಗಿದಳು. ಹೊರಗಿನಿಂದ ಬಂದವರು ಒಳಗಿನವರಿಗಿಂತ ಒಂದು ಕೈ ಮುಂದಿರಬೇಕು, ಇಲ್ಲವಾದರೆ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಅವಳ ಲೆಕ್ಕ. ಆ ಒಂದು ಕೈಯೇ ಅವಳ ಹೆಸರಾಯಿತು.

ಆದದ್ದು ಹೀಗೆ. ಯಾವುದೋ ಮನೆಯಲ್ಲಿ ಜ್ವರ ಬಂದ ಹೆಂಗಸಿನ ಹಣೆ ಮುಟ್ಟಿ ನೋಡಿದಳು. ಮುಟ್ಟಿದ್ದೇ ತಡ, ಜ್ವರ ಕರಗಿತು. ಬೈಗಾರ ಬೆಳಗ್ಗಿನಿಂದ ಬೈದು ಬೈದು ಕೊನೆಯ ಮಾತಿಗೆ ಬಂದಿದ್ದ ಎಂಬುದನ್ನು ಎಲ್ಲರೂ ಮರೆತರು. ಎಲ್ಲರಿಗಿಂತ ಮೊದಲು ಮರೆತವಳು ಅವಳೇ.

"ಏನು ಕೈಗುಣ! ಏನು ಕೈಗುಣ!" ಎಂದರು ಜನ.

"ಹಾಗೇನಿಲ್ಲ ಬಿಡಿ," ಎಂದಳು ಅವಳು, ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತ.

ಊರ ಹಿರಿಯ ಅಪ್ಪಣೆ ಕೊಡಿಸಿದ. "ಕೈಗುಣ ಉಪ್ಪಿನ ಹಾಗೆ. ನೀರು ಕಂಡರೆ ಕರಗುತ್ತೆ. ಈ ಕೈ ಇನ್ನು ಊರಿನ ಆಸ್ತಿ. ತೊಳೆಯಬಾರದು."

ಹಾಗೆ ಅದು ತೊಳೆಯಬಾರದ ಕೈ ಆಯಿತು. ಪಾತ್ರೆ ಬೆಳಗುವ ಕೆಲಸದಿಂದ ಅವಳಿಗೆ ಬಿಡುಗಡೆ ಸಿಕ್ಕಿತು. ಕೈಗುಣದಿಂದ ಯಾರಿಗಾದರೂ ನಿಜವಾಗಿ ಒಳ್ಳೆಯದಾಗಿದ್ದರೆ ಇದೊಂದೇ ಇರಬೇಕು. ವರ್ಷಗಳು ಉರುಳಿ ಮುದುಕಿಯಾದ ಮೇಲೂ ಅವಳು ಸ್ನಾನಕ್ಕೆ ಕೂತಾಗ ಬಲಗೈಯನ್ನು ಬಚ್ಚಲಿನ ಗಿಡ್ಡ ಗೋಡೆಯ ಮೇಲೆ ಎತ್ತಿ ಹಿಡಿಯುತ್ತಿದ್ದಳು. ಒಳಗೆ ಒಬ್ಬಳು ಮುದುಕಿ ಎಡಗೈಯಲ್ಲಿ ನೀರು ಹುಯ್ದುಕೊಳ್ಳುತ್ತಿದ್ದರೆ, ಹೊರಗೆ ಒಂದು ಕೈ ಮಾತ್ರ ಆಕಾಶಕ್ಕೆ ಏನನ್ನೋ ಕೇಳುತ್ತಿರುವಂತೆ ನಿಂತಿರುತ್ತಿತ್ತು. ಬೀದಿಯಲ್ಲಿ ಹೋಗುವವರು ಅದಕ್ಕೆ ನಮಸ್ಕಾರ ಮಾಡುತ್ತಿದ್ದರು. "ಚೆನ್ನಾಗಿದೀರಾ ಕೈಯಮ್ಮಾ?" ಎಂದು ಕೇಳಿದರೆ ಅವಳು ಒಳಗಿನಿಂದಲೇ ಬೆರಳಾಡಿಸಿ ಉತ್ತರ ಕೊಡುತ್ತಿದ್ದಳು. ರೇಷ್ಮೆ ವಸ್ತ್ರ ಮೊದಲು ಕೆಂಪಗಿತ್ತು. ಆಮೇಲೆ ಅದಕ್ಕೆ ಬಣ್ಣವೇ ಇಲ್ಲದಂತಾಯಿತು. ಅದರ ಒಂದೆಳೆ ಸಿಕ್ಕರೆ ಸಾಕೆಂದು ಜನ ಕಾದು ಕೂತು ಒಯ್ದು ಮಕ್ಕಳ ಕೊರಳಿಗೆ ಕಟ್ಟುತ್ತಿದ್ದರು.

ಮಕ್ಕಳು ಹುಟ್ಟಿದರೆ ತೊಟ್ಟಿಲ ದಿನ ಕೈಯಮ್ಮ ಹೋಗಬೇಕು. ಹೆಬ್ಬೆರಳನ್ನು ಮಗುವಿನ ಹಣೆಗೆ ಒತ್ತಿ "ನಮ್ಮದು" ಎನ್ನಬೇಕು. ಅಲ್ಲಿಯವರೆಗೆ ಮಗುವಿಗೆ ಹೆಸರಿಲ್ಲ, ಹೆತ್ತವರ ಹೊರತು ಯಾರೂ ಎತ್ತಿಕೊಳ್ಳುವಂತಿಲ್ಲ. ಹೀಗಾಗಿ ಅವಳು ಜ್ವರದ ಮನೆಯಿಂದ ತೊಟ್ಟಿಲ ಮನೆಗೆ, ತೊಟ್ಟಿಲ ಮನೆಯಿಂದ ಜ್ವರದ ಮನೆಗೆ ಊರಿಡೀ ತಿರುಗುತ್ತಿದ್ದಳು, ಕೈ ಮುಂದೆ, ತಾನು ಹಿಂದೆ.

ಇತ್ತ ಊರಿನವರಿಗೆ ಬೈಗುಳದ ರುಚಿ ಹತ್ತಿತು. ಸೀನು ಬಂದರೆ ಬೈಗಾರ ಬೇಕು. ಬಿಕ್ಕಳಿಕೆಗೆ ಬೈಗಾರ. ಹಾಲು ಹೆಪ್ಪಾಗದಿದ್ದರೆ ಹಾಲಿಗೂ ಎರಡು ಮಾತು ಬೈಯಲಿ ಎಂದು ಕರೆದರು. ಅವನೂ ಹೋದ. ಕರೆದರಲ್ಲ ಎಂಬ ಹೆಮ್ಮೆ. ನಿಜವಾದ ಜ್ವರ ಬಂದಾಗ ಮಾತ್ರ ಜನಕ್ಕೆ ಅಷ್ಟು ತಾಳ್ಮೆಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜ್ವರ ಸೌತೆಬೀಜದಷ್ಟಾಗಿ ಹಿತ್ತಿಲಿಗೆ ಉರುಳುತ್ತಲೇ, "ಸಾಕು ಬಿಡಪ್ಪ, ಯಾಕೆ ಗಂಟಲು ಹರ್ಕೋತೀಯ, ಮಜ್ಜಿಗೆ ಕುಡಿದು ಹೋಗು," ಎನ್ನುತ್ತಿದ್ದರು. ಬೈಗಾರ ಮಜ್ಜಿಗೆ ಕುಡಿದು ಹೋಗುತ್ತಿದ್ದ. ಹಿತ್ತಿಲಿನ ನುಗ್ಗೆಮರದ ಬುಡದಲ್ಲಿ ಆ ಬೀಜ ಕಂಬಳಿಯೊಳಗೆ ಕೂತು, ಅಕ್ಕಪಕ್ಕದ ಮನೆಗಳಲ್ಲಿ ಹಾಲಿಗೂ ಬಿಕ್ಕಳಿಕೆಗೂ ಬೀಳುತ್ತಿದ್ದ ಬೈಗುಳಗಳನ್ನೆಲ್ಲ ಕೇಳಿ ಕೇಳಿ ಬಾಯಿಪಾಠ ಮಾಡಿತು.

ಕೊನೆಗೊಂದು ದಿನ ಆ ಬೀಜವೇ ಪಳಗಿದ ಜ್ವರವಾಗಿ ಮತ್ತೆ ಊರೊಳಗೆ ಬಂತು.

ಮೊದಲು ಅದು ನೇಕಾರನ ಮನೆಯಲ್ಲಿ ಕಾಣಿಸಿತು, ಆಮೇಲೆ ಎಣ್ಣೆ ಮಾರುವವಳ ಮನೆಯಲ್ಲಿ. ಎಣ್ಣೆಯವಳಿಗೆ ಒಬ್ಬಳೇ ಮಗಳು. ಮಾತು ಕಲಿಯುತ್ತಿದ್ದ ಹುಡುಗಿ, ಬೀದಿಯಲ್ಲಿ ಹೋಗುವವರನ್ನೆಲ್ಲ "ಎಣ್ಣೆ ಬೇಕಾ?" ಎಂದು ಕೇಳುತ್ತಿದ್ದವಳು. ಬೈಗಾರ ಹೊಸ್ತಿಲಲ್ಲಿ ನಿಂತು ಬೈದ. ಜ್ವರ ಹುಡುಗಿಯ ತಲೆದೆಸೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತು, ಹಾಡು ಕೇಳುವವರಂತೆ ತಲೆದೂಗಿತು. ಬೈಗಾರ ಒಂದು ಕಡೆ ತಡವರಿಸಿದ.

"'ಉಂಡ ಮನೆಗೆ' ಆದ ಮೇಲೆ 'ಕಂಡ ಮನೆಗೆ' ಬರುತ್ತೆ ಕಣಪ್ಪ," ಎಂದಿತು ಜ್ವರ. "ಒಂದು ಸಾಲು ನುಂಗಿಬಿಟ್ಟೆ. ಆಮೇಲೆ, ಆ 'ಕಾಲು ಚಾಚಿ ಕೂತದ್ದೇ' ಅನ್ನೋದು ಮೊದಲಿನಿಂದಲೂ ತಪ್ಪು. ನಮಗೆ ಕಾಲೆಲ್ಲಿದೆ?"

ಬೈಗಾರ ಎತ್ತಿ ಕಟ್ಟಿದ ಪಂಚೆಯನ್ನು ಇಳಿಸಿದ. ಹುಡುಗಿ ಬದುಕಲಿಲ್ಲ. ಅವಳ ಹಣೆಯ ಮೇಲೆ ಕೈಯಮ್ಮನ ಹೆಬ್ಬೆರಳಿನ ಗುರುತು ಹಾಗೆಯೇ ಇತ್ತು. ಆಯುಷ್ಯ ಇಷ್ಟೇ ಬರೆದಿತ್ತು ಎಂದರು ಜನ. ಕೈಗುಣವನ್ನು ಯಾರೂ ಅನುಮಾನಿಸಲಿಲ್ಲ. ಕೈಯಮ್ಮನೂ ಅನುಮಾನಿಸಲಿಲ್ಲ. ತಾನು ಇನ್ನೊಂದು ಸಲ ಮುಟ್ಟಿದ್ದರೆ ಉಳಿಯುತ್ತಿತ್ತೇನೋ ಎಂದು ಮಾತ್ರ ಮರುಗಿದಳು.

ಅದೇ ದಿನಗಳಲ್ಲಿ ಕೈಯಮ್ಮನ ಸೊಸೆ ಹೆತ್ತಳು. ಬಹಳ ವರ್ಷ ಕಾದು, ಕಾಯುವುದನ್ನೇ ಬಿಟ್ಟ ಮೇಲೆ ಹುಟ್ಟಿದ ಹೆಣ್ಣುಮಗು. ಸೊಸೆ ಬಾಣಂತಿ ಕೋಣೆಯೊಳಗಿನಿಂದ ಕೂಗಿ ಹೇಳಿದಳು:

"ಅತ್ತೆ, ಬೇರೆ ಮಕ್ಕಳಿಗೆಲ್ಲ ಒಂದು ಸಲ ಒತ್ತಿ ಬರ್ತೀರಿ. ನಮ್ಮದಕ್ಕೆ ಚೆನ್ನಾಗಿ ಒತ್ತಿ. ಇದ್ದಬದ್ದ ಕೈಗುಣ ಎಲ್ಲಾ ಇಳಿಸಿಬಿಡಿ."

"ನೀನು ಹೇಳ್ಬೇಕಾ? ಸ್ವಂತ ಮೊಮ್ಮಗಳು!" ಎಂದಳು ಕೈಯಮ್ಮ. ತೊಟ್ಟಿಲಿಗೆ ಒಂದು ದಿನ ಬಾಕಿಯಿತ್ತು. ಅವಳು ಜಗಲಿಯ ಮೇಲೆ ಕೂತು, ಮಧ್ಯಾಹ್ನದ ಬಿಸಿಲಿಗೆ ಅಂಗೈ ಬಿಚ್ಚಿ, ಒಡವೆ ನೋಡುವಂತೆ ಅದನ್ನೇ ನೋಡಿಕೊಂಡಳು.

"ಬಿಸಿಲು ಜೋರಾಗಿದೆ ಅಲ್ವಾ ಅಮ್ಮಾ," ಎಂದಿತು ಒಂದು ದನಿ.

"ಯಾರೋ ಅದು?"

"ಇಲ್ಲೇ, ನಿಮ್ಮ ಕೈಯಲ್ಲೇ. ಸ್ವಲ್ಪ ಅಲ್ಲಾಡಿಸಬೇಡಿ, ತಲೆ ತಿರುಗುತ್ತೆ."

ಅಂಗೈಯ ನಡುವೆ, ಹೆಬ್ಬೆರಳಿಗೆ ಒರಗಿಕೊಂಡು, ಸೌತೆಬೀಜದಷ್ಟು ಗಾತ್ರದ ಜ್ವರ ಬೂದುಬಣ್ಣದ ಕಂಬಳಿ ಹೊದ್ದು ಕೂತಿತ್ತು.

"ನೀನಾ! ಎಣ್ಣೆಯವಳ ಮಗುವನ್ನ ತಿಂದ ಹಾಳಾದ್ದು!"

"ನಾನೇ ತಾಯಿ. ನೀವೇ ತಾನೇ ಕರ್ಕೊಂಡು ಹೋಗಿ ಬಿಟ್ಟಿದ್ದು."

"ನಾಲಿಗೆ ಬಿಗಿ ಹಿಡಿದು ಮಾತಾಡು. ನಾನು ಎಲ್ಲಿಗೆ ಬಿಟ್ಟೆ?"

ಜ್ವರ ಕಂಬಳಿ ಎತ್ತಿ ತೋರಿಸಿತು. ಕೆಳಗೆ ಏನೂ ಇರಲಿಲ್ಲ. "ನೋಡಿ, ಕಾಲಿಲ್ಲ. ರೆಕ್ಕೆಯಂತೂ ಇಲ್ಲ. ಅವತ್ತು ಬೆಳಗ್ಗೆ ನೇಕಾರನ ಹಣೆ ಮುಟ್ಟಿದ್ರಿ, ನಾನು ಹತ್ತಿಕೊಂಡೆ. ದಾರಿಯಲ್ಲಿ ಹೂವಿನವಳ ಹತ್ತಿರ ನಿಂತು ಅವಳ ಸೊಸೆಯನ್ನ ಆಡಿಕೊಂಡ್ರಿ, ನಾನೂ ಕೇಳಿ ನಕ್ಕೆ. ಆಮೇಲೆ ಎಣ್ಣೆಯವರ ಜಗಲಿ. ಆ ಹುಡುಗಿ 'ಎಣ್ಣೆ ಬೇಕಾ?' ಅಂತು. ನೀವು ಗಲ್ಲ ಸವರಿ, ಹಣೆಗೆ ಹೆಬ್ಬೆರಳು ಒತ್ತಿ ಹರಸಿದ್ರಿ. ಎಷ್ಟು ಜೋಪಾನವಾಗಿ ಇಳಿಸಿದ್ರಿ ಅಂದರೆ ನನಗೆ ಒಂದಿಷ್ಟೂ ನೋವಾಗಲಿಲ್ಲ."

ಕೈಯಮ್ಮ ಅಂಗೈಯನ್ನು ಮುಖದ ಹತ್ತಿರ ತಂದಳು. "ಹಾಗಾದ್ರೆ ನನ್ನ ಕೈಗುಣ..."

"ಕೈಗುಣಕ್ಕೇನು ಕಡಿಮೆ! ನಮ್ಮ ಕುಲದಲ್ಲಿ ನಿಮ್ಮ ಹೆಸರು ಹೇಳದೆ ಯಾರೂ ಕಣ್ಣು ಬಿಡೋದಿಲ್ಲ. ಪಲ್ಲಕ್ಕಿಯಮ್ಮ ಅಂತಾರೆ ನಿಮ್ಮನ್ನ."

"ಹಾಗಾದ್ರೆ ನನಗೇಕೆ ನೀನು ಬರಲಿಲ್ಲ? ನಾನ್ಯಾಕೆ ಗುಂಡುಕಲ್ಲಿನ ಹಾಗೆ ಇದ್ದೀನಿ?"

"ಹತ್ತಿ ಕೂತ ಬಂಡಿಯ ಅಚ್ಚು ಯಾರಾದರೂ ಮುರೀತಾರಾ ಅಮ್ಮಾ?" ಎಂದು ಜ್ವರ ಕಂಬಳಿಯನ್ನು ಹೆಗಲಿಗೆ ಸರಿಯಾಗಿ ಎಳೆದುಕೊಂಡಿತು. "ನಾಳೆ ತೊಟ್ಟಿಲು ಅಲ್ವಾ? ಹೊಸ ಹಣೆ. ಬೆಣ್ಣೆ ಥರ ಇರುತ್ತೆ."

ಕೈಯಮ್ಮ ಜಗಲಿಯಿಂದ ಎದ್ದಳು. ಯಾರಿಗಾದರೂ ಹೇಳೋಣ ಎಂದರೆ, ಏನೆಂದು ಹೇಳುವುದು? ಊರು ನಮಸ್ಕಾರ ಮಾಡುವ ಕೈ ಊರನ್ನೇ ತಿನ್ನುತ್ತಿತ್ತು ಎಂದೇ? ಹಾಗೆ ಹೇಳಿದ ಮೇಲೆ ತಾನು ಯಾರು? ಹಂಡೆ ಹುಡುಕಿ ನಗೆಪಾಟಲಾದ ಹೊರಗಿನ ಹೆಂಗಸು. ಆದರೆ ಮುಟ್ಟದೆ ಇದ್ದರೆ ಮಗುವಿಗೆ ಹೆಸರಿಲ್ಲ. ಮುಟ್ಟಿದರೆ ಮಗುವೇ ಇಲ್ಲ. ಇಷ್ಟು ದೊಡ್ಡ ಸಂಕಟದಲ್ಲೂ ಅವಳ ಮನಸ್ಸು ಕೈಯನ್ನು ಉಳಿಸಿಕೊಳ್ಳುವ ಉಪಾಯವನ್ನೇ ಹುಡುಕುತ್ತಿತ್ತು.

ಮೊದಲು ಪೆಟ್ಟಿಗೆಯಿಂದ ರೇಷ್ಮೆ ವಸ್ತ್ರ ತೆಗೆದು ಕೈಯನ್ನು ತಿಕ್ಕಿ ತಿಕ್ಕಿ ಒರೆಸಿದಳು.

"ಅಯ್ಯೋ, ಇಲ್ಲಿಗೆ ಕರ್ಕೊಂಡು ಬಂದ್ರಾ!" ಎಂದಿತು ಜ್ವರ ಸಂತೋಷದಿಂದ. "ಇದು ನಮ್ಮ ತವರು. ಅಗೋ, ಆ ಮಡಿಕೆಯಲ್ಲಿ ನಮ್ಮ ಅಜ್ಜಿ ಇದ್ದಾಳೆ. ಮಾತಾಡಿಸಿ, ಖುಷಿಪಡ್ತಾಳೆ."

ಕೈಯಮ್ಮ ವಸ್ತ್ರವನ್ನು ಒಲೆಗೆ ಎಸೆದಳು. ಆಮೇಲೆ ಬೈಗಾರನ ಮನೆಗೆ ಹೋದಳು. ಅವನು ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ. ಎಣ್ಣೆಯವಳ ಮನೆಯಿಂದ ಬಂದಾಗಿನಿಂದ ಹಾಗೆಯೇ ಕೂತಿದ್ದ.

"ಬೈಗಾರ, ನನ್ನ ಕೈಗೆ ನಾಲ್ಕು ಮಾತು ಬೈಯೋ," ಎಂದಳು.

ಅವನ ಕಣ್ಣು ಅರಳಿತು. ಇಡೀ ಆಯುಷ್ಯ ಆ ಕೈಯ ಹಿಂದುಮುಂದು ನಡೆದವನು, ತಾನು ಬೆಳಗಿನಿಂದ ಬೈದು ಕರಗಿಸಿದ ಜ್ವರಕ್ಕೆ ಆ ಕೈ ಹೊಗಳಿಸಿಕೊಳ್ಳುವುದನ್ನು ನೋಡುತ್ತ ಬಂದವನು. ಎದ್ದು ನಿಂತು, ಪಂಚೆ ಎತ್ತಿ ಕಟ್ಟಿ, ಶುರುಮಾಡಿದ. "ಮೆರೆಯೋದೇ! ಗೋಡೆ ಹತ್ತಿ ನಿಂತು ನಮಸ್ಕಾರ ಹೊಡೆಸಿಕೊಳ್ಳೋದೇ! ಯಾರೋ ಬಡಿಸಿದ ಎಲೆಗೆ ನೀನು ಕೈ ಹಾಕೋದೇ!"

"ಇದು ನನಗಲ್ಲ ಅನ್ಸುತ್ತೆ," ಎಂದಿತು ಜ್ವರ ಅಂಗೈಯಿಂದ. "ಆದರೂ ಚೆನ್ನಾಗಿದೆ. ಮುಂದುವರಿಸು."

ಬೈಗಾರ ತಟ್ಟನೆ ನಿಲ್ಲಿಸಿ ಕೂತುಬಿಟ್ಟ. ಬೈದು ಮುಗಿದ ಮೇಲೆ ಅವನ ಮುಖ ಹಗುರವಾಗಿತ್ತು, ಅದೂ ಒಂದು ಕ್ಷಣ.

"ನನ್ನ ಬೈಗುಳ ಸವೆದುಹೋಯ್ತು ಕೈಯಮ್ಮ," ಎಂದ. "ಹಾಲಿಗೂ ಬೈದೆ, ಬಿಕ್ಕಳಿಕೆಗೂ ಬೈದೆ. ಬೈಯಬೇಕಾದ ಕಡೆ ಮಜ್ಜಿಗೆ ಕುಡಿದು ಎದ್ದು ಬಂದೆ." ಆಮೇಲೆ ಜ್ವರಕ್ಕೆ ಕೇಳಿಸದಂತೆ ಅವಳ ಕಿವಿಯ ಹತ್ತಿರ ಬಗ್ಗಿದ. "ಇನ್ನೂ ಒಂದೆರಡು ಇಟ್ಕೊಂಡಿದೀನಿ. ಯಾರ ಮೇಲೂ ಆಡಿಲ್ಲ. ನಮ್ಮಪ್ಪ ಹೇಳಿಕೊಟ್ಟದ್ದು. ಆದರೆ ಅವನ್ನ ಸುಮ್ಸುಮ್ನೆ ತೆಗೆದರೆ ಇದು ಅವನ್ನೂ ಕಲಿತುಬಿಡುತ್ತೆ. ಆ ಹುಡುಗಿಯ ಹತ್ತಿರ ಅವು ನನಗೆ ನೆನಪಾಗಲೇ ಇಲ್ಲ. ಇನ್ನು ಸಾಯೋರ ತಲೆದೆಸೆಯಲ್ಲಿ ಬಿಟ್ಟು ಬೇರೆಲ್ಲೂ ಬಾಯಿ ಬಿಡಲ್ಲ. ಅದಕ್ಕೇ ಮುಚ್ಕೊಂಡು ಕೂತಿದೀನಿ."

"ಹಾಗಾದ್ರೆ ನಾನೇನು ಮಾಡ್ಲೋ?"

"ನನ್ನನ್ಯಾಕೆ ಕೇಳ್ತೀ? ಬಂದದ್ದನ್ನ ಕಳಿಸೋದು ನನ್ನ ಕೆಲಸ. ಬರದ ಹಾಗೆ ಮಾಡೋದು ನನಗೆ ಗೊತ್ತಿಲ್ಲ."

ಬರದ ಹಾಗೆ ಮಾಡುವುದು. ಹಿಂದಿರುಗುವ ದಾರಿಯಲ್ಲಿ ಕೈಯಮ್ಮ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು, ಕಳ್ಳನನ್ನು ಹಿಡಿದು ತರುವಂತೆ ಬಿಗಿಯಾಗಿ ಹಿಡಿದುಕೊಂಡು ನಡೆದಳು. ದಾರಿಯಲ್ಲಿ ಸಿಕ್ಕವರು ನಮಸ್ಕಾರ ಮಾಡಿದರು. ಅಭ್ಯಾಸಬಲದಿಂದ ಕೈ ಎತ್ತಲು ಹೋಗಿ, ತನ್ನ ಕೈಯನ್ನು ತಾನೇ ಎಳೆದುಕೊಂಡಳು.

ತೊಟ್ಟಿಲ ದಿನ ಊರೇ ಬಂತು. ಜಗಲಿಯ ಮೇಲೆ, ಅಂಗಳದಲ್ಲಿ, ಬೇಲಿಯಾಚೆ ಜನ. ಒಳಗೆ ತೊಟ್ಟಿಲಿನಲ್ಲಿ ಹೆಸರಿಲ್ಲದ ಮಗು. ಊರ ಹಿರಿಯ ದಾರಿ ಬಿಡಿಸಿದ. ಕೈಯಮ್ಮ ಬಂದಳು, ಕೈ ಮುಂದೆ, ತಾನು ಹಿಂದೆ. ಅಂಗೈಯಲ್ಲಿ ಜ್ವರ ಕಂಬಳಿ ಕೊಡವಿ ಎದ್ದು ಕೂತಿತು.

ಹೊಸ್ತಿಲ ಹತ್ತಿರ ಬಂದಾಗ ಅವಳ ಕಾಲು ನಿಂತಿತು. ಇಷ್ಟು ವರ್ಷ ಯಾವ ಹೊಸ್ತಿಲಲ್ಲೂ ನಿಲ್ಲದ ಕಾಲು. ಒಳಗಿನಿಂದ, ಈ ಮನೆಯ ಒಳಗಿನಿಂದಲ್ಲ, ಹೂವು ಬಾಡಿ ದಾರ ಉಳಿಯುವಷ್ಟು ದೂರದ ಒಂದು ಮನೆಯ ಒಳಗಿನಿಂದ, ಒಂದು ದನಿ ಬಂತು. ಸಿಟ್ಟಿನ ದನಿಯೂ ಅಲ್ಲ, ಪ್ರೀತಿಯ ದನಿಯೂ ಅಲ್ಲ. ದಿನವೂ ಹೇಳಿ ಹೇಳಿ ಸಾಕಾದ ದನಿ. ಕೈಕಾಲು ತೊಳ್ಕೊಂಡು ಒಳಗೆ ಬಾ.

"ನೀರು ಕೊಡಿ," ಎಂದಳು ಕೈಯಮ್ಮ.

"ಪಾಪ, ಬಾಯಾರಿರಬೇಕು," ಎಂದು ಯಾರೋ ಲೋಟ ತಂದರು.

"ಕುಡಿಯೋಕಲ್ಲ. ತೊಳೆಯೋಕೆ."

"ಏನನ್ನ?"

"ಕೈಯನ್ನ."

ಊರ ಹಿರಿಯ ಮುಂದೆ ಬಂದ. "ಕೈಯಮ್ಮ, ವಯಸ್ಸಾಯ್ತು ಅಂತ ಹೀಗೆ ಮಾತಾಡಬಾರದು. ಅದು ನಿನ್ನ ಕೈಯಲ್ಲ, ಊರಿನ ಕೈ."

"ಊರಿನ ಕೈ ಕೊಳಕಾಗಿದೆ. ನೀರು ಹುಯ್ಯಿ."

ಯಾರೂ ಮುಂದೆ ಬರಲಿಲ್ಲ. ಕೈಗುಣವನ್ನು ಕರಗಿಸಿದ ಪಾಪ ಯಾರಿಗೆ ಬೇಕು? ಮಗ ನೆಲ ನೋಡಿದ. ನೆರೆಯವರು ಆಕಾಶ ನೋಡಿದರು. ಆಗ ಬೇಲಿಯಾಚೆಯಿಂದ ಒಬ್ಬಳು ಜನರನ್ನು ಸರಿಸಿಕೊಂಡು ಬಂದಳು. ಎಣ್ಣೆಯವಳು. ಮಗು ಕಳೆದುಕೊಂಡವರು ತೊಟ್ಟಿಲಿಗೆ ಬರುವ ಪದ್ಧತಿ ಆ ಊರಿನಲ್ಲಿರಲಿಲ್ಲ. ಅದಕ್ಕೇ ಅವಳು ಹೊರಗೆ ನಿಂತಿದ್ದಳು. ಹಿತ್ತಿಲಿನಿಂದ ಕೊಡ ತಂದಳು, ಒಂದು ಬೋಗುಣಿ ತಂದಳು, ಎಣ್ಣೆಯ ಕೈಗೆಂದು ಯಾವಾಗಲೂ ಸೊಂಟಕ್ಕೆ ಕಟ್ಟಿಕೊಂಡಿರುತ್ತಿದ್ದ ಅಂಟುವಾಳದ ಪುಡಿಯ ಚೀಲ ಬಿಚ್ಚಿದಳು. ಏನನ್ನೂ ಕೇಳಲಿಲ್ಲ. ಕೊಡ ಬಗ್ಗಿಸಿದಳು.

ನೀರು ಬಿದ್ದ ಕೂಡಲೇ ಜ್ವರ ಚೀರಿತು. "ಅಮ್ಮಾ! ಇದೇನು ಮರ್ಯಾದೆ!"

ಕೈಯಮ್ಮ ಕೈಗೆ ಕೈ ಉಜ್ಜಿದಳು. ನೊರೆ ಬಂತು. ಬೋಗುಣಿಗೆ ಬಿದ್ದ ನೀರು ಕಪ್ಪಗಿತ್ತು. ನೋಡುತ್ತಿದ್ದ ಹೆಂಗಸರು ಉಸಿರು ಎಳೆದುಕೊಂಡರು. ಇಷ್ಟೊಂದು ಕೈಗುಣ! ನಾಲ್ಕು ಜನರ ಮುಂದೆ ಮಾಡಿದ್ದಾಯಿತಲ್ಲ ಎಂದು ಕೈಯಮ್ಮ ಕೈ ಹಿಂತೆಗೆಯಲು ಹೋದಳು. ತ್ಯಾಗ ಮಾಡುವಾಗಲೂ ಅವಳಿಗೆ ಬೇಗ ಮುಗಿಯಬೇಕಿತ್ತು.

"ಉಗುರು," ಎಂದಳು ಎಣ್ಣೆಯವಳು.

ಕೈಯಮ್ಮ ಉಗುರಿನ ಸಂದಿ ತಿಕ್ಕಿದಳು.

"ಬೆರಳ ನಡುವೆ."

ತಿಕ್ಕಿದಳು.

"ಹಿಂಗೈ."

ತಿಕ್ಕಿದಳು. ಈಗಲಾದರೂ ಮುಗಿಯಿತೇ ಎಂದು ತಲೆಯೆತ್ತಿದಳು. ಎಣ್ಣೆಯವಳು ಅವಳ ಮುಖ ನೋಡುತ್ತಿರಲಿಲ್ಲ. ಕೈಯನ್ನೇ ನೋಡುತ್ತಿದ್ದಳು.

"ಹೆಬ್ಬೆರಳು ಬಿಟ್ರಿ," ಎಂದಳು.

ಆ ದನಿಯಲ್ಲಿ ಬೈಗುಳವಿರಲಿಲ್ಲ. ಬೈಗಾರನ ಇಡೀ ಹಗಲಿನ ಬೈಗುಳ ಮಾಡಲಾರದ್ದನ್ನು ಆ ದನಿ ಮಾಡಿತು. ಕೈಯಮ್ಮ ಕುಗ್ಗಿ ಕುಗ್ಗಿ ಸೌತೆಬೀಜದಷ್ಟಾದಳು. ತಲೆ ಬಗ್ಗಿಸಿ ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ, ತುದಿಯಿಂದ ಬುಡದವರೆಗೆ ತಿಕ್ಕಿದಳು. ಎಣ್ಣೆಯವಳು ಕೊಡದ ಕೊನೆಯ ಹನಿಯವರೆಗೆ ಹುಯ್ದಳು.

"ಜಾರ್ತಿದೀನಿ ಅಮ್ಮಾ, ಹಿಡ್ಕೊಳ್ಳಿ!" ಎಂದಿತು ಜ್ವರ, ಹೆಬ್ಬೆರಳಿನ ಗೆರೆಯೊಂದಕ್ಕೆ ಜೋತುಬಿದ್ದು. ಆಮೇಲೆ ಬೋಗುಣಿಗೆ ಬಿತ್ತು.

ಆಗ ಊರ ಹಿರಿಯ ಎಚ್ಚೆತ್ತ. "ಕೈಗುಣ ಎಲ್ಲಾ ಬೋಗುಣಿಯಲ್ಲಿದೆ!" ಎಂದು ಕೂಗಿದ. "ಪೋಲಾಗಬಾರದು! ಸಾಲಾಗಿ ಬನ್ನಿ, ಮಕ್ಕಳಿಗೆ ಮೊದಲು ಒಂದೊಂದು ಉದ್ಧರಣೆ!" ಜನ ನುಗ್ಗಿದರು. ತಾಯಂದಿರು ಮಕ್ಕಳ ಬಾಯಿ ಬಿಡಿಸಿ ಹಿಡಿದರು. ಬೋಗುಣಿಯ ನೀರಿನ ಮೇಲೆ ಜ್ವರ ಕಂಬಳಿಯನ್ನೇ ದೋಣಿ ಮಾಡಿಕೊಂಡು ಕೂತು, ಇಷ್ಟೊಂದು ಬಾಯಿಗಳನ್ನು ನೋಡಿ ಬೆರಗಾಗಿತ್ತು.

ಕೈಯಮ್ಮ ಬೋಗುಣಿಯನ್ನು ಒದ್ದಳು. ಮುದಿಗಾಲಿನಲ್ಲಿ ಅಷ್ಟು ಬಲವಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕಾಲಿಗೂ ಒಂದು ಗುಣ ಇತ್ತೆಂದು ಕಾಣುತ್ತದೆ. ಬೋಗುಣಿ ಹಾರಿ, ಕಪ್ಪು ನೀರು ಮನೆಯ ಪಕ್ಕದ ಹಿತ್ತಿಲಿನ ನುಗ್ಗೆಮರದ ಬುಡಕ್ಕೆ ಚೆಲ್ಲಿತು. ಉದ್ಧರಣೆ ಹಿಡಿದಿದ್ದ ಹಿರಿಯ ಕೆಸರಿನಲ್ಲಿ ಕೂತ.

"ಅದರಲ್ಲಿ ಏನೂ ಇಲ್ಲ!" ಎಂದು ಕೂಗಿದಳು ಅವಳು. "ಕೊಳೆ! ಊರಿನವರ ಕಾಯಿಲೆ, ನನ್ನ ಕೊಬ್ಬು! ಅಷ್ಟೇ ಇರೋದು!"

ಯಾರೂ ನಂಬಲಿಲ್ಲ. ಆದರೂ ನೆಲ ಕುಡಿದ ನೀರನ್ನು ಮರಳಿ ತರಲು ಆಗುವುದಿಲ್ಲವಾದ್ದರಿಂದ ಸುಮ್ಮನಾದರು. ಎಣ್ಣೆಯವಳು ಒಗೆದ ಸೆರಗಿನ ತುದಿ ಕೊಟ್ಟಳು. ಕೈಯಮ್ಮ ಒರೆಸಿಕೊಂಡು ಹೊಸ್ತಿಲು ದಾಟಿದಳು. ನೀರಿನಲ್ಲಿ ನೆಂದು ಸುಕ್ಕಾಗಿ, ತಣ್ಣಗಾಗಿದ್ದ ಹೆಬ್ಬೆರಳನ್ನು ಹಣೆಗೆ ಒತ್ತಿದಳು. ಮಗು ತಣ್ಣಗಿನ ಸ್ಪರ್ಶಕ್ಕೆ ಬೆಚ್ಚಿ, ಸೂರು ಹಾರುವಂತೆ ಅತ್ತಿತು.

"ನಮ್ಮದು," ಎಂದಳು ಕೈಯಮ್ಮ.

ಸೊಸೆಯ ಕಣ್ಣಿನಲ್ಲಿ ನೀರಿತ್ತು. "ಎಲ್ಲಾ ತೊಳೆದುಬಿಟ್ರಲ್ಲ ಅತ್ತೆ," ಎಂದಳು. "ಊರಿಗೆಲ್ಲ ಹಂಚಿದ್ರಿ. ನನ್ನ ಮಗುವಿಗೆ ಮಾತ್ರ ಏನೂ ಉಳಿಸಲಿಲ್ವಲ್ಲ."

"ಇಲ್ಲ ಕಣೆ," ಎಂದಳು ಕೈಯಮ್ಮ. "ಏನೂ ಉಳಿಸಲಿಲ್ಲ."

ಅವಳು ಆಯುಷ್ಯದಲ್ಲಿ ಕೊಟ್ಟ ಆಶೀರ್ವಾದಗಳಲ್ಲಿ ನಿಜವಾದದ್ದು ಅದೊಂದೇ. ಸೊಸೆಗೆ ಅದು ತಿಳಿಯಲಿಲ್ಲ. ಬಹಳ ದಿನ ಅವಳು ಅತ್ತೆಯ ಎಲೆಗೆ ತುಪ್ಪ ಬಡಿಸಲಿಲ್ಲ.

ಆಮೇಲೆ ಕೆಲವು ಕಾಲ ಕೈಯಮ್ಮನನ್ನು ಯಾರೂ ಕರೆಯಲಿಲ್ಲ. ಅವಳು ಎರಡೂ ಕೈಗಳನ್ನು ಒಳಗಿಟ್ಟುಕೊಂಡು ಸ್ನಾನ ಮಾಡುವುದನ್ನು ಕಲಿತಳು. ಬಲಗೈಗೆ ಮಾತ್ರ ಅದು ಒಗ್ಗಲಿಲ್ಲ. ಮೈಮರೆತಾಗ ತಾನಾಗಿ ಗೋಡೆಯ ಮೇಲೆ ಏರುತ್ತಿತ್ತು. ಬೀದಿಯಲ್ಲಿ ಯಾರೂ ನಮಸ್ಕಾರ ಮಾಡದಿದ್ದಾಗ, ಸುಳಿದಾಡುವ ನೊಣ ಓಡಿಸಿದಂತೆ ನಟಿಸಿ ಕೆಳಗಿಳಿಯುತ್ತಿತ್ತು.

ಕೈಗುಣ ಸಿಗದಿದ್ದರೂ ಮಗು ಬೆಳೆಯಿತು. ಪಳಗಿದ ಜ್ವರ ಅದರ ತಲೆದೆಸೆಗೆ ಬರಲಿಲ್ಲ. ಊರಿನವರು ಯೋಚಿಸಿದರು. ಯೋಚಿಸಿ, ತಮಗೆ ಒಗ್ಗುವ ತಪ್ಪು ಉತ್ತರಕ್ಕೆ ಬಂದರು. ಕೈಗುಣ ಇರುವುದು ಕೈಯಲ್ಲಲ್ಲ, ಎಣ್ಣೆಯವಳು ಬಗ್ಗಿಸಿದ ಕೊಡದಲ್ಲಿ! ಪ್ರತಿ ಬಾಗಿಲ ಪಕ್ಕದಲ್ಲೂ ಒಂದೊಂದು ಕೊಡ ಬಂತು. ಹೊರಗಿನಿಂದ ಬಂದವರು, ಹಣೆ ಮುಟ್ಟುವವರು, ಅಡುಗೆಗೆ ಕೂರುವವರು, ಎಲ್ಲರೂ ಭಕ್ತಿಯಿಂದ ತೊಳೆಯತೊಡಗಿದರು. ಅವರಿಗೆ ಕಾರಣ ತಿಳಿಸಿ ಹೇಳಲು ಕೈಯಮ್ಮ ಒಂದೆರಡು ಸಲ ಬಾಯಿ ತೆರೆದಳು. ಎಣ್ಣೆಯವಳು ಕಣ್ಣಿನಲ್ಲೇ ಬೇಡವೆಂದಳು. ಕೈಯಂತೂ ಶುದ್ಧವಾಯಿತಲ್ಲ. ತಲೆ ತೊಳೆಯುವಷ್ಟು ನೀರು ಆ ಊರಿನಲ್ಲಿರಲಿಲ್ಲ.

ಬೈಗಾರನನ್ನು ಈಗ ಹಾಲಿಗೆ ಕರೆಯುವುದಿಲ್ಲ. ಕರೆದರೂ ಅವನು ಹೋಗುವುದಿಲ್ಲ. ಹೋದ ಕಡೆ ದೀಪ ಹಚ್ಚುವ ತನಕ ಏಳುವುದಿಲ್ಲ. ಮಜ್ಜಿಗೆ ತಂದವರಿಗೇ ಎರಡು ಮಾತು ಬೈಯುತ್ತಾನೆ. ಅಪ್ಪ ಹೇಳಿಕೊಟ್ಟದ್ದನ್ನು ಅವನು ಇನ್ನೂ ಬಾಯಿಯೊಳಗೇ ಇಟ್ಟುಕೊಂಡಿದ್ದಾನೆ.

ಜ್ವರ ಸತ್ತಿಲ್ಲ. ಅದು ಕೈಯಮ್ಮನ ಹಿತ್ತಿಲಿನ ನುಗ್ಗೆಮರದ ಬುಡದಲ್ಲಿದೆ, ಸೌತೆಬೀಜದಷ್ಟು, ಕಂಬಳಿ ಹೊದ್ದು. ಕಾಲಿಲ್ಲದ್ದು ಎಲ್ಲಿಗೆ ಹೋಗುತ್ತದೆ? ಬೆಳಗ್ಗೆ ಅವಳು ಕಸ ಗುಡಿಸಲು ಬಂದಾಗ ಕರೆಯುತ್ತದೆ.

"ಅಮ್ಮಾ, ಒಂದೇ ಒಂದು ಸಲ ಎತ್ತಿಕೊಳ್ಳಿ. ಪಕ್ಕದ ಬೀದಿಗೆ ಬಿಟ್ಟರೆ ಸಾಕು."

"ಹೋಗೋ, ಕೆಲಸ ನೋಡ್ಕೋ."

"ಬೇರೆಯವರ ಕೈಯಲ್ಲೂ ಕೂತು ನೋಡಿದೀನಿ ತಾಯಿ. ನಿಮ್ಮಂಥ ಕೈ ಇಲ್ಲ."

ಕೈಯಮ್ಮನ ಪೊರಕೆ ನಿಲ್ಲುತ್ತದೆ. ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಾಳೆ.

"ನಿಜವಾಗ್ಲೂ?"

"ನಮ್ಮ ಅಜ್ಜಿಯ ಆಣೆ."

ಅವಳಿಗೆ ನಗು ಬರುತ್ತದೆ. ನಗು ಬಂದದ್ದಕ್ಕೆ ನಾಚಿಕೆ ಬರುತ್ತದೆ. ಪೊರಕೆಯನ್ನು ಮೂಲೆಗೆ ಒರಗಿಸಿ, ಬಾಗಿಲ ಪಕ್ಕದ ಕೊಡದ ಹತ್ತಿರ ಹೋಗಿ ತಂಬಿಗೆ ಬಗ್ಗಿಸುತ್ತಾಳೆ. ಅಂಗೈ, ಹಿಂಗೈ, ಬೆರಳ ನಡುವೆ, ಉಗುರು. ಅಷ್ಟು ಮಾಡಿ ಒಳಗೆ ಹೋಗಲು ಒಂದು ಹೆಜ್ಜೆ ಇಡುತ್ತಾಳೆ. ಎದುರು ಬೀದಿಯಲ್ಲಿ ಎಣ್ಣೆಯವಳು ತನ್ನ ಖಾಲಿ ಜಗಲಿಯ ಮೇಲೆ ಕೂತಿರುತ್ತಾಳೆ, ಈ ಕಡೆ ನೋಡದೆ.

ಕೈಯಮ್ಮ ಹಿಂದಿರುಗಿ ಬಂದು ಹೆಬ್ಬೆರಳು ತೊಳೆಯುತ್ತಾಳೆ.